ಅತ್ತೆಯ ಬಲಗೈಗೆ ನಾನು ಹಾಕಿದ ರೈಟುಗಳು

ನಮ್ಮತ್ತೆಯ ಪರಿಚಯವಿಲ್ಲದವರು ನಮ್ಮ ಜಿಲ್ಲೆಯಲ್ಲಿ ಎರಡೇ ಬಗೆ. ನಿನ್ನೆ ತಾನೇ ಹುಟ್ಟಿದವರು ಒಂದು, ಕಾರಿನಿಂದ ಕೆಳಗೇ ಇಳಿಯದವರು ಇನ್ನೊಂದು. ಮಿಕ್ಕವರೆಲ್ಲ ಯಾವತ್ತೋ ಒಂದು ದಿನ ಯಾವುದೋ ಬಸ್ಸಿನಲ್ಲಿ ಅವರ ಪಕ್ಕ ಕೂತಿರುತ್ತಾರೆ. ಕೂತವರು ಇಳಿಯುವ ಹೊತ್ತಿಗೆ ಮಗಳ ವಯಸ್ಸು, ಅಳಿಯನ ಸಂಬಳ, ಮಂಡಿನೋವಿಗೆ ಹಚ್ಚುವ ಎಣ್ಣೆ ಎಲ್ಲವನ್ನೂ ನಮ್ಮತ್ತೆಗೆ ಒಪ್ಪಿಸಿಯೇ ಇಳಿದಿರುತ್ತಾರೆ. ನಾನು ಈ ಮನೆಗೆ ಸೊಸೆಯಾಗಿ ಬಂದು ಹದಿನಾಲ್ಕು ವರ್ಷವಾಯಿತು. ಅತ್ತೆ ಸೊಸೆಯ ಜಗಳದ ಕಥೆ ಇರಬಹುದೆಂದು ನೀವು ಆಸೆಯಿಂದ ಕೂತಿದ್ದರೆ ಕ್ಷಮಿಸಿ. ಜಗಳವಾಡಬೇಕಾದರೆ ಇಬ್ಬರೂ ಮನೆಯಲ್ಲಿರಬೇಕಲ್ಲವೇ?

ನಮ್ಮದು ಮರಳವಾಡಿ ಹತ್ತಿರದ ಒಂದು ಊರು. ಯಜಮಾನರು ಗೂಡ್ಸ್ ಟೆಂಪೋ ಓಡಿಸುತ್ತಾರೆ. ನಾನು ಹಾರೋಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತೇನೆ. ಅತ್ತೆ ಏಳೆಂಟು ಕುರಿ ಸಾಕಿಕೊಂಡಿದ್ದರು. ಹೆಂಗಸರಿಗೆ ಬಸ್ಸು ಫ್ರೀ ಆದದ್ದೇ ತಡ, ಕುರಿಗಳನ್ನು ಪಕ್ಕದ ಮನೆಯ ಮಂದೆಗೆ ಸೇರಿಸಿದರು. ಆಧಾರ್ ಕಾರ್ಡನ್ನು ಕುಪ್ಪಸದೊಳಗೆ ಸಿಕ್ಕಿಸಿಕೊಂಡು ಲೋಕಸಂಚಾರಕ್ಕೆ ಹೊರಟರು. ಕಂಡಕ್ಟರುಗಳಿಗೆ ಅವರ ಮುಖವೇ ಕಾರ್ಡಾಗಿಹೋಗಿತ್ತು. ಆದರೂ ಅತ್ತೆ ಬಿಡುತ್ತಿರಲಿಲ್ಲ. ನೋಡಪ್ಪ, ಫೋಟೋದಲ್ಲಿರೋದು ನಾನೇ ಅಂತ ಖಾತ್ರಿ ಮಾಡಿಕೋ ಎಂದು ಕಾರ್ಡನ್ನು ಅವರ ಮೂಗಿನ ಕೆಳಗೆ ಹಿಡಿಯುತ್ತಿದ್ದರು.

ಸೋಮವಾರ ರಾಮನಗರ, ಬುಧವಾರ ಕನಕಪುರ, ಮನಸ್ಸು ಬಂದರೆ ಚನ್ನಪಟ್ಟಣ ದಾಟಿ ವಿರೂಪಾಕ್ಷಿಪುರದವರೆಗೂ ಹೋಗಿ ಯಾವುದೋ ದೂರದ ನಂಟರ ಮನೆಯ ಎಮ್ಮೆಕರುವನ್ನು ನೋಡಿಕೊಂಡು ಬರುತ್ತಿದ್ದರು. ಒಂದು ದಿನ ಕತ್ತಲಾದ ಮೇಲೆ ಬಂದು ಮಾಗಡಿಗೆ ಹೋಗಿದ್ದೆ ಎಂದರು. ಮಾಗಡಿಯಲ್ಲಿ ನಮಗೆ ನಂಟರಿಲ್ಲ, ಇಷ್ಟರಿಲ್ಲ, ಕೋರ್ಟು ಕೇಸೂ ಇಲ್ಲ. ಯಾಕೆ ಹೋಗಿದ್ದಿರಿ ಎಂದು ಕೇಳಿದೆ.

"ಅಲ್ಲಿಗೋಗೋ ಬಸ್ಸು ನಿಂತಿತ್ತು ಕಣಮ್ಮಿ" ಎಂದರು.

ರೇಷ್ಮೆಗೂಡಿನ ರೇಟು ದಿನಾ ಬಾಯಲ್ಲೇ ಇರುತ್ತಿತ್ತು. ನಮ್ಮ ಹೊಲದಲ್ಲಿ ಒಂದು ಹಿಪ್ಪುನೇರಳೆ ಕಡ್ಡಿಯೂ ಇಲ್ಲ. ನಮಗ್ಯಾಕವ್ವ ಗೂಡಿನ ರೇಟು ಎಂದು ಯಜಮಾನರು ರೇಗಿದರೆ, ಬಸ್ಸಿನಲ್ಲಿ ಯಾರಾದರೂ ಕೇಳಿದಾಗ ಗೊತ್ತಿಲ್ಲ ಎನ್ನುವುದು ಮರ್ಯಾದೆಯೇ ಎಂದು ತಿರುಗಿಸಿ ಕೇಳುತ್ತಿದ್ದರು.

ಇಂಥ ಅತ್ತೆಗೆ, ದೀಪಾವಳಿ ಕಳೆದ ವಾರ, ಲಕ್ವ ಹೊಡೆಯಿತು.

ಬೆಳಿಗ್ಗೆ ಕನಕಪುರದ ಬಸ್ಸಿಗೆ ತಯಾರಾಗಿ ಜಗಲಿಯ ಮೇಲೆ ಕಾಫಿ ಕುಡಿಯುತ್ತ ಕೂತಿದ್ದರು. ಲೋಟ ಕೈಯಿಂದ ಜಾರಿತು. ಈಗಿನ ಸ್ಟೀಲ್ ಲೋಟಗಳೇ ಸರಿಯಿಲ್ಲ ಎಂದು ಬೈದರು. ಇನ್ನೊಂದು ಲೋಟದಲ್ಲಿ ಕೊಟ್ಟೆ. ಅದೂ ಜಾರಿತು. ಈ ಸಲ ಬೈಗುಳದ ಮಾತು ಅರ್ಧಕ್ಕೇ ತೊದಲಿತು, ಬಾಯಿ ಒಂದು ಪಕ್ಕಕ್ಕೆ ಸೊಟ್ಟಗಾಯಿತು. ಯಜಮಾನರು ಗಾಡಿಯಲ್ಲಿದ್ದ ಟೊಮೇಟೊ ಕ್ರೇಟುಗಳನ್ನು ಬೀದಿಯಲ್ಲೇ ಇಳಿಸಿ, ಚಾಪೆ ಹಾಸಿ ಅವರನ್ನು ಮಲಗಿಸಿದರು. ನಾನು ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ದಾರಿಯಲ್ಲಿ ಏನೋ ಗೊಣಗಿದರು. ಕೊನೆಯ ಮಾತೇ ಇರಬಹುದೆಂದು ಅಳುತ್ತ ಬಗ್ಗಿ ಕಿವಿಗೊಟ್ಟೆ.

"ಬಸ್ಸಲ್ಲೇ... ಓಗಬೌದಿತ್ತು."

ಕನಕಪುರದಲ್ಲಿ ನೋಡಿ ಬೆಂಗಳೂರಿಗೆ ಕಳಿಸಿದರು. ಅಲ್ಲಿ ಹನ್ನೊಂದು ದಿನ. ಜೀವ ಉಳಿಯಿತು, ಮಾತು ಮೊದಲು ಬಂತು (ಅದು ಬರದೆ ಇದ್ದೀತೇ!), ಕಾಲೂ ನಿಧಾನವಾಗಿ ಬಂತು. ಬಲಗೈ ಮಾತ್ರ ಒದ್ದೆ ಟವೆಲಿನಂತೆ ಮಡಿಲಲ್ಲಿ ಬಿದ್ದಿತ್ತು. ಊರಿಗೆ ಬಂದಾಗ ಜನ ನೋಡಲು ಬಂದರು, ಬಂದವರೆಲ್ಲ ಒಂದೊಂದು ಔಷಧಿ ಹೇಳಿದರು. ಪಾರಿವಾಳದ ಬಿಸಿ ರಕ್ತ ಸವರಿದರೆ ಕೈ ಎದ್ದು ನಿಲ್ಲುತ್ತದೆ ಎಂದು ಒಬ್ಬರು ಪಾರಿವಾಳವನ್ನೇ ಹಿಡಿದು ತಂದಿದ್ದರು. ನಮ್ಮತ್ತೆ ಆ ಹಕ್ಕಿಯನ್ನು ಎಡಗೈಯಲ್ಲಿ ಸವರಿ, ಅದಕ್ಕೆ ಒಂದು ಹಿಡಿ ರಾಗಿ ಹಾಕಿಸಿ ಹಾರಿಸಿಬಿಟ್ಟರು. ಬಂದವರ ಮುಖ ಸಪ್ಪಗಾಯಿತು. ಮುಂದಿನ ವಾರ ಕುರಿ ಹೊಡೆದಾಗ ಎರಡು ಪಾಲು ಕಳಿಸುತ್ತೇನೆ ಎಂದು ಅತ್ತೆಯೇ ಸಮಾಧಾನ ಹೇಳಿದರು.

ಕೈಗಾಗಿ ಕನಕಪುರದಿಂದ ವಾರಕ್ಕೆ ಎರಡು ಸಲ ಒಬ್ಬರು ಫಿಸಿಯೋಥೆರಪಿ ಮೇಡಂ ಸ್ಕೂಟರಿನಲ್ಲಿ ಬರತೊಡಗಿದರು. ಇನ್ನೂ ಇಪ್ಪತ್ತೈದರ ಪ್ರಾಯ, ದಪ್ಪ ಕನ್ನಡಕ, ಸಣ್ಣ ದನಿ. ಅವರು ಹೇಳಿದ್ದು ಇಷ್ಟು. ಕೈಯಲ್ಲಿ ಏನೂ ಕೆಟ್ಟಿಲ್ಲ, ಮಿದುಳಿನಿಂದ ಕೈಗೆ ಹೇಳಿಕಳಿಸುವ ದಾರಿ ಮುಚ್ಚಿಹೋಗಿದೆ. ಒಂದೇ ಕೆಲಸವನ್ನು ನೂರಾರು ಸಲ ಮಾಡಿಸುತ್ತಿದ್ದರೆ ಮಿದುಳು ಬೇರೆ ದಾರಿ ಹುಡುಕಿಕೊಳ್ಳುತ್ತದೆ. ಸುಮ್ಮನೆ ಬಿಟ್ಟರೆ ಅಂಥದೊಂದು ಕೈ ಇದೆಯೆಂಬುದನ್ನೇ ಮರೆತುಬಿಡುತ್ತದೆ. ಮೊದಲ ಕೆಲವು ತಿಂಗಳೇ ಮುಖ್ಯ.

ನಾನು ಬೆಪ್ಪಾಗಿ ತಲೆಯಾಡಿಸುತ್ತಿದ್ದೆ. ಅತ್ತೆಗೆ ತಕ್ಷಣ ಅರ್ಥವಾಯಿತು.

"ರೋಡ್ ಕ್ಲೋಸ್ ಆಗೈತೆ, ಸುತ್ತಾಕ್ಕೊಂಡು ಓಗ್ಬೇಕು ಅನ್ನಿ" ಎಂದರು.

ಮೇಡಂ ಒಂದು ಚಾರ್ಟು ಬರೆದುಕೊಟ್ಟು ಗೋಡೆಗೆ ಅಂಟಿಸಿದರು. ಒಂದು ಬದಿಗೆ ಹತ್ತು ಎಕ್ಸರ್‌ಸೈಜು, ಇನ್ನೊಂದು ಬದಿಗೆ ತಾರೀಖು. ಎರಡೂ ಕೈ ಹೆಣೆದು ಮೇಲೆತ್ತುವುದು, ಟೇಬಲ್ಲಿನ ಮೇಲೆ ಟವೆಲ್ ಇಟ್ಟು ಮುಂದಕ್ಕೆ ತಳ್ಳುವುದು, ಚೆಂಡು ಹಿಸುಕುವುದು, ಕಾಳು ಹೆಕ್ಕುವುದು, ಹೀಗೆ. ಮಾಡಿಸಿದ್ದಕ್ಕೆಲ್ಲ ಅಂದಂದೇ ರೈಟ್ ಹಾಕುವ ಕೆಲಸ ನನ್ನದು.

ನಮ್ಮತ್ತೆಗೆ ಒಂದು ನಿಯಮವಿತ್ತು. ಬಸ್ಸಿನಲ್ಲಿ ಎಷ್ಟು ಬೇಕಾದರೂ ಗುರಿಯಿಲ್ಲದೆ ತಿರುಗಬಹುದು, ಕೈಯನ್ನು ಮಾತ್ರ ಪ್ರಯೋಜನವಿಲ್ಲದೆ ಆಡಿಸಕೂಡದು. ಟವೆಲ್ ತಳ್ಳಿ ಎಂದರೆ, ಟೇಬಲ್ ಒರೆಸುವುದಾದರೆ ಒಸಿ ನೀರು ಕೊಡಿ ಎಂದರು. ಹಿಸುಕಲು ಕೊಟ್ಟ ಹಳದಿ ಚೆಂಡು ಮೂರನೆಯ ದಿನಕ್ಕೆ ಕಾಣೆಯಾಯಿತು. ಹುಡುಕಿದರೆ ಪಕ್ಕದ ಮನೆಯ ಕುರಿಮರಿಯ ಬಾಯಲ್ಲಿತ್ತು. ಯಾರಾದರೊಬ್ಬರು ಎಕ್ಸರ್‌ಸೈಜ್ ಮಾಡಿದರಾಯಿತಲ್ಲ ಎಂದು ಅವರ ವಾದ. ಒಂದು ಬಟ್ಟಲಿನ ಕಾಳನ್ನು ಇನ್ನೊಂದಕ್ಕೆ ಹಾಕಬೇಕು, ಆಮೇಲೆ ಅದನ್ನೇ ತಿರುಗಿ ಇದಕ್ಕೆ ಹಾಕಬೇಕು ಎಂದಾಗಲಂತೂ ಮೇಡಂ ಮುಖವನ್ನೇ ಮರುಕದಿಂದ ನೋಡಿದರು. ಇಷ್ಟು ಓದಿದ ಹುಡುಗಿ, ಪಾಪ, ಅಂತ.

ಇನ್ನೊಂದು ಕಟ್ಟಳೆ ಇತ್ತು. ದಿನಕ್ಕೆ ಎರಡು ಗಂಟೆ ಸರಿಯಾಗಿರುವ ಎಡಗೈಗೆ ಚೀಲ ಕಟ್ಟಿಬಿಡಬೇಕು. ಆಗ ಬೇರೆ ಗತಿಯಿಲ್ಲದೆ ಬಲಗೈ ಕೆಲಸಕ್ಕೆ ಇಳಿಯುತ್ತದೆ. ನಾವು ಯಜಮಾನರ ಹಳೆಯ ಕಾಲುಚೀಲವನ್ನು ತೊಡಿಸಿ ದಾರದಿಂದ ಬಿಗಿದೆವು. ಆಗ ಒಂದು ವಿಚಿತ್ರ ನಡೆಯಿತು. ನಮ್ಮತ್ತೆ ಮೂಕರಾದರು! ಅವರ ಮಾತೆಲ್ಲ ಕೈಯ ಬೀಸಿನ ಮೇಲೆ ನಿಂತಿದ್ದದ್ದು ನಮಗೆ ಗೊತ್ತಾದದ್ದೇ ಆಗ. ಬಲಗೈ ಏಳದು, ಎಡಗೈ ಕಾಲುಚೀಲದಲ್ಲಿ. ಮಾತು ಗಂಟಲವರೆಗೆ ಬಂದು ನಿಂತುಬಿಡುತ್ತಿತ್ತು. ಮನೆಯಲ್ಲಿ ಎರಡು ಗಂಟೆ ಅಪೂರ್ವ ಶಾಂತಿ. ದಿನವಿಡೀ ಕಟ್ಟಬಹುದೋ ಹೇಗೆ, ಮೇಡಂನ ಒಂದು ಮಾತು ಕೇಳು ಎಂದು ಯಜಮಾನರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ಇಷ್ಟರಲ್ಲಿ ಅವರೆಕಾಯಿ ಕಾಲ ಬಂತು. ನೆನೆಸಿದ ಅವರೆಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಹಾರಿ ಬೀಳುತ್ತದೆ. ಹಿದುಕಿದ ಬೇಳೆಯ ಸಾರಿಗೆ ನಮ್ಮ ಕಡೆ ಜನ ಪ್ರಾಣ ಬಿಡುತ್ತಾರೆ. ಒಂದು ಬೆಳಿಗ್ಗೆ ಅತ್ತೆ ತಾವಾಗಿಯೇ ಎಡಗೈಗೆ ಕಾಲುಚೀಲ ಹಾಕಿಸಿಕೊಂಡು, ಬೋಗುಣಿಯನ್ನು ಮುಂದಕ್ಕೆ ತರಿಸಿಕೊಂಡರು. ಬಲಗೈಯನ್ನು ಭುಜದಿಂದ ಎಳೆದು ತಂದು ಬೋಗುಣಿಯ ಅಂಚಿಗೆ ಒರಗಿಸಿದರು. ಒಂದು ಕಾಳು ಹಿಡಿಯಲು ಕಾಲು ಗಂಟೆ ಬೇಕಾಯಿತು. ಅದು ಜಾರಿತು. ಇನ್ನೊಂದು ಹಿಡಿದರು. ಹಣೆಯಲ್ಲಿ ಬೆವರು. ಆ ಬೆಳಿಗ್ಗೆ ಅವರು ಹಿದುಕಿದ್ದು ಹನ್ನೊಂದು ಕಾಳು. ಹನ್ನೊಂದನೆಯದು ಪಟ್ಟೆಂದು ಹಾರಿ, ಆಗ ತಾನೇ ಒಳಗೆ ಬರುತ್ತಿದ್ದ ಮೇಡಂ ಅವರ ಕನ್ನಡಕಕ್ಕೆ ಬಡಿಯಿತು. ಆ ಹುಡುಗಿ ಬಾಗಿಲಲ್ಲೇ ನಿಂತು ಚಪ್ಪಾಳೆ ತಟ್ಟಿದಳು. ನಾನು ಹೇಳಿಕೊಟ್ಟ ಹತ್ತನ್ನೂ ಬಿಟ್ಟುಬಿಡಿ, ಅಜ್ಜಿ ದಿನಾ ಇದೊಂದು ಮಾಡಿದರೆ ಸಾಕು ಎಂದಳು.

ಮೂರು ವಾರದಲ್ಲಿ ಅರ್ಧ ಲೋಟ ಬೇಳೆಯವರೆಗೆ ಬಂದರು. ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ಮುಟ್ಟುತ್ತಿದ್ದವು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದಲೇ ಮುಂದಿನದನ್ನು ಬರೆಯುವುದು ಕಷ್ಟ.

ಆ ಹೊತ್ತಿಗೆ ಮೇಡಂಗೆ ಮದುವೆ ಗೊತ್ತಾಯಿತು. ಒಂದೂವರೆ ತಿಂಗಳು ರಜೆ. ಹೊರಡುವಾಗ ನನ್ನ ಕೈಗೆ, ಅವರೆಕಾಳನ್ನೂ ಸೇರಿಸಿ ಹತ್ತು ಎಕ್ಸರ್‌ಸೈಜಿನ ಹೊಸ ಚಾರ್ಟು ಕೊಟ್ಟು, ಕೈ ಈಗ ತಿರುಗುತ್ತಿದೆ ಅಕ್ಕ, ದಯವಿಟ್ಟು ಬಿಡಬೇಡಿ ಎಂದು ಎರಡು ಸಲ ಹೇಳಿದರು.

ಅತ್ತೆಗಾಗಿ ನಾನು ಹಾಕಿದ್ದ ರಜೆಯೂ ಆಗಲೇ ಮುಗಿಯಿತು. ನನ್ನ ಫ್ಯಾಕ್ಟರಿ ಬಸ್ಸು ಮೇನ್ ರೋಡಿಗೆ ಏಳು ನಲವತ್ತಕ್ಕೆ ಬರುತ್ತದೆ. ಅಷ್ಟರಲ್ಲಿ ಸಾರಾಗಬೇಕು, ಮುದ್ದೆಯಾಗಬೇಕು, ಡಬ್ಬಿ ಕಟ್ಟಬೇಕು. ಅತ್ತೆ ಬೋಗುಣಿಯ ಮುಂದೆ ಕೂತು ಒಂದೊಂದೇ ಕಾಳಿನ ಜೊತೆ ಗುದ್ದಾಡುತ್ತಿದ್ದರೆ ನನಗೆ ಮೈಮೇಲೆ ಇರುವೆ ಬಿಟ್ಟಂತಾಗುತ್ತಿತ್ತು. ಒಂದು ದಿನ ಬೋಗುಣಿಯನ್ನು ಸರ್ರನೆ ನನ್ನ ಕಡೆಗೆ ಎಳೆದುಕೊಂಡು ಹತ್ತು ನಿಮಿಷದಲ್ಲಿ ಅಷ್ಟನ್ನೂ ಹಿದುಕಿ ಮುಗಿಸಿದೆ.

"ಇರು ಕಣಮ್ಮಿ, ಇನ್ನೊಸಿ ಐತೆ, ನಾನೇ ಮುಗಿಸ್ತೀನಿ" ಎಂದರು.

ಮರುದಿನವೂ ಎಳೆದುಕೊಂಡೆ. ಅದರ ಮರುದಿನವೂ ಹಾಗೆಯೇ. ನಾಲ್ಕನೆಯ ದಿನ ಅವರು ಬೋಗುಣಿಯನ್ನು ತರಿಸಿಕೊಳ್ಳಲೇ ಇಲ್ಲ.

ಊಟದ್ದೂ ಇದೇ ಕಥೆ. ಬಲಗೈಯಲ್ಲಿ ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗೆ ಒಯ್ಯಲು ಅವರಿಗೆ ಒಂದು ಗಂಟೆ ಹಿಡಿಯುತ್ತಿತ್ತು. ಸಾರು ಮೊಳಕೈವರೆಗೆ ಇಳಿದು, ಸೀರೆಗೆ ತೊಟ್ಟಿಕ್ಕಿ, ಆ ಸೀರೆ ಒಗೆಯುವವಳೂ ನಾನೇ. ನಾನೇ ತುತ್ತು ಮಾಡಿ ತಿನ್ನಿಸತೊಡಗಿದೆ. ಐದು ನಿಮಿಷದ ಕೆಲಸ! ಅಕ್ಕಪಕ್ಕದವರು ಕಂಡರು. ಈ ಕಾಲದಲ್ಲಿ ಇಂಥ ಸೊಸೆ ಸಿಗಬೇಕಾದರೆ ಹಿಂದಿನ ಜನ್ಮದ ಪುಣ್ಯ ಬೇಕು ಎಂದರು. ಹೊಗಳಿಕೆ ಯಾರಿಗೆ ಕಹಿ? ಆಮೇಲಾಮೇಲೆ ಯಾರಾದರೂ ಮನೆಗೆ ಬಂದಿದ್ದರೆ ನನ್ನ ತುತ್ತುಗಳು ಸ್ವಲ್ಪ ದೊಡ್ಡದಾಗುತ್ತಿದ್ದವು, ಸೆರಗಿನಿಂದ ಅವರ ಬಾಯಿ ಒರೆಸುವುದೂ ಸ್ವಲ್ಪ ಹೆಚ್ಚಾಗುತ್ತಿತ್ತು. ನಮ್ಮತ್ತೆ ಬಾಯಿ ತೆರೆದು ಕೂತಿರುತ್ತಿದ್ದರು. ಬಲಗೈ ಮಡಿಲಲ್ಲಿ ಮಲಗಿರುತ್ತಿತ್ತು.

ಚಾರ್ಟಿಗೆ ಮಾತ್ರ ರೈಟು ತಪ್ಪಲಿಲ್ಲ. ಮೊದಲು ಸಂಜೆ ಬಂದ ಮೇಲೆ ಹತ್ತಕ್ಕೂ ಒಂದೇ ಉಸಿರಿಗೆ ಹಾಕುತ್ತಿದ್ದೆ. ಆಮೇಲೆ ಎರಡು ದಿನಕ್ಕೊಮ್ಮೆ. ಕೊನೆಗೆ ಭಾನುವಾರ ಕೂತು ಇಡೀ ವಾರಕ್ಕೆ. ಫ್ಯಾಕ್ಟರಿಯಲ್ಲಿ ಪೆಟ್ಟಿಗೆ ನೋಡದೆ ಶೀಟಿಗೆ ರೈಟು ಹಾಕಿದ ಹುಡುಗಿಯೊಬ್ಬಳನ್ನು ಹಿಡಿದು ಸೂಪರ್‌ವೈಸರಿಗೆ ಒಪ್ಪಿಸಿದವಳು ನಾನು! ಅತ್ತೆ ಮಂಚದ ಮೇಲೆ ಕೂತು ನನ್ನ ಪೆನ್ನನ್ನೇ ನೋಡುತ್ತಿದ್ದರು. ಈ ವಾರ ನಾನು ಹೆಂಗೆ ಮಾಡಿದೆ ಎಂದು ಕೇಳುತ್ತಿದ್ದರು. ಫಸ್ಟ್ ಕ್ಲಾಸಲ್ಲಿ ಪಾಸು ಎನ್ನುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು. ಅವರು ತಮಾಷೆಗೆ ಕೇಳುತ್ತಿದ್ದಾರೆಂದು ನಾನು ತಿಳಿದಿದ್ದೆ. ಈಗ ಅಷ್ಟು ಗ್ಯಾರಂಟಿಯಾಗಿ ಹೇಳಲಾರೆ.

ಮೇಡಂ ಹೊಸ ತಾಳಿ, ಹಸಿರು ಬಳೆ, ಒಂದು ಡಬ್ಬಿ ಚಿರೋಟಿಯ ಜೊತೆ ವಾಪಸು ಬಂದರು. ಅದು ಬುಧವಾರ, ನಾನು ಫ್ಯಾಕ್ಟರಿಯಿಂದ ಬಂದ ಹೊತ್ತು. ಬಂದವರೇ ಚಾರ್ಟು ನೋಡಿ, ಒಂದು ದಿನವೂ ತಪ್ಪಿಸಿಲ್ಲವಲ್ಲ ಎಂದು ಸಂತೋಷಪಟ್ಟರು. ಆಮೇಲೆ ಅತ್ತೆಯ ಕೈ ಹಿಡಿದರು. ಬೆರಳುಗಳನ್ನು ಬಿಡಿಸಲು ನೋಡಿದರು. ಅವು ಅಂಗೈಯೊಳಗೆ ಮಡಚಿಕೊಂಡು ಬಿಗಿಯಾಗಿದ್ದವು. ಅತ್ತೆ ನೋವಿಗೆ ಹಲ್ಲು ಕಚ್ಚಿದರು. ಮೇಡಂ ಎದ್ದು ಮತ್ತೆ ಚಾರ್ಟಿನ ಹತ್ತಿರ ಹೋದರು. ತಾರೀಖಿನ ಮೇಲೆ ಬೆರಳಿಟ್ಟು ಒಂದೊಂದೇ ಮನೆ ದಾಟಿಸುತ್ತ ಬಂದರು. ಬುಧವಾರ ದಾಟಿತು. ಗುರುವಾರ, ಶುಕ್ರವಾರ, ಶನಿವಾರ. ಇನ್ನೂ ಬಾರದ ಮೂರು ದಿನಕ್ಕೂ ಅತ್ತೆ ಎಕ್ಸರ್‌ಸೈಜ್ ಮಾಡಿ ಮುಗಿಸಿದ್ದರು.

ಮೇಡಂ ನನ್ನ ಕಡೆ ತಿರುಗುವ ಮೊದಲೇ ಅತ್ತೆ ಬಾಯಿ ಹಾಕಿದರು.

"ಅದಾ... ನಾನೇ ಆಕ್ಸಿದ್ದು ಡಾಕ್ಟ್ರಮ್ಮ. ಇವ್ಳು ಬ್ಯಾಡ ಬ್ಯಾಡ ಅಂದ್ಲು. ನಂಗೇ ಸೋಂಬೇರಿತನ. ಬೈಯಂಗಿದ್ರೆ ನನ್ನ ಬೈರಿ."

ಆಗ ನಾನು ಮಾತಾಡಬೇಕಿತ್ತು. ಕಾಫಿ ತರುತ್ತೇನೆ ಎಂದು ಒಳಗೆ ಹೋದೆ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದರೂ ಸುಮ್ಮನೆ ನೋಡುತ್ತ ನಿಂತೆ.

ಸ್ಕೂಟರಿನವರೆಗೆ ಬಿಡಲು ಹೋದಾಗ ಹೇಳಿದೆ, ಅತ್ತೆಯದೇನೂ ತಪ್ಪಿಲ್ಲ, ರೈಟು ಹಾಕಿದ್ದೂ ನಾನೇ, ತಿನ್ನಿಸಿದ್ದೂ ನಾನೇ ಎಂದು.

"ಗೊತ್ತು ಅಕ್ಕ" ಎಂದರು ಮೇಡಂ. "ಸುಮಾರು ಮನೇಲಿ ಹೀಗೇ ಆಗುತ್ತೆ. ಪ್ರೀತಿ ಜಾಸ್ತಿಯಾಗಿ ಎಲ್ಲಾ ನಾವೇ ಮಾಡಿಬಿಡ್ತೀವಿ."

ಅವರು ಒಳ್ಳೆಯವರು, ಅದಕ್ಕೇ ಪ್ರೀತಿ ಎಂದರು. ಅದರಲ್ಲಿ ಪ್ರೀತಿ ಎಷ್ಟಿತ್ತು, ಏಳು ನಲವತ್ತರ ಬಸ್ಸು ಎಷ್ಟಿತ್ತು ಎಂಬುದು ನನಗೆ ಗೊತ್ತು. ಕೈ ಇನ್ನು ಬರುವುದೇ ಇಲ್ಲವೇ ಎಂದು ಕೇಳಿದೆ. ಬರುತ್ತದೆ, ಆದರೆ ಆಗ ಸುಲಭವಾಗಿ ಬರುತ್ತಿದ್ದದ್ದು ಈಗ ಕಷ್ಟದಿಂದ ಬರಬೇಕು, ಎಲ್ಲವೂ ಬರುತ್ತದೆಂದು ಹೇಳಲಾರೆ ಎಂದರು.

ಮರುವಾರವೇ ಬೇಡಿಕೊಂಡು ಮಧ್ಯಾಹ್ನದ ಪಾಳಿಗೆ ಹಾಕಿಸಿಕೊಂಡೆ. ಬೆಳಗಿನ ಹೊತ್ತೆಲ್ಲ ಅತ್ತೆಯ ಕೈಗೆ. ಬೆರಳುಗಳನ್ನು ಬಿಸಿನೀರಿನ ಬಟ್ಟೆಯಲ್ಲಿ ಸುತ್ತಿ ಒಂದೊಂದಾಗಿ ಬಿಡಿಸುವುದು, ಟವೆಲ್ ತಳ್ಳಿಸುವುದು. ಈಗ ಅವರು ನೀರು ಕೇಳುತ್ತಿರಲಿಲ್ಲ. ಹೇಳಿದ್ದನ್ನೆಲ್ಲ ಮಾತಿಲ್ಲದೆ ಮಾಡುತ್ತಿದ್ದರು. ಅದೇ ನನಗೆ ಹೆಚ್ಚು ಸಂಕಟ. ಅವರೆಕಾಯಿ ಕಾಲ ಮುಗಿದಿತ್ತು. ಪೇಟೆಯಿಂದ ಒಣ ಅವರೆಕಾಳು ತಂದು ನೆನೆಸಿ ಮುಂದಿಟ್ಟೆ. ಹೆಬ್ಬೆರಳೂ ತೋರುಬೆರಳೂ ಹತ್ತಿರ ಬಂದವು, ಮುಟ್ಟಲಿಲ್ಲ.

ಈಗ ವರ್ಷದ ಮೇಲಾಯಿತು. ಭುಜ ಏಳುತ್ತದೆ, ಮೊಳಕೈ ಮಡಚುತ್ತದೆ, ಕೈಚೀಲ ನೇತುಹಾಕಿದರೆ ಹಿಡಿದುಕೊಳ್ಳುತ್ತದೆ. ಬೆರಳುಗಳು ಮಾತ್ರ ಅರ್ಧ ಮುಚ್ಚಿದ ಹಾಗೆಯೇ ನಿಂತುಹೋದವು. ಎಡಗೈಯಲ್ಲಿ ಕಂಬಿ ಹಿಡಿದು ಬಸ್ಸು ಹತ್ತುತ್ತಾರೆ. ವಾರಕ್ಕೆ ಒಂದೇ ಸಲ, ಕನಕಪುರಕ್ಕೆ ಮಾತ್ರ, ಅದೂ ನನ್ನ ಜೊತೆ. ಬಸ್ಸಿನಲ್ಲಿ ಜನ ಕೇಳುತ್ತಾರೆ, ಕಾಲು ಇಷ್ಟು ಚೆನ್ನಾಗಿ ಬಂದಿದೆ, ಕೈ ಯಾಕೆ ಬರಲಿಲ್ಲ ಎಂದು. ನಾನು ಕಿಟಕಿಯ ಕಡೆ ತಿರುಗುತ್ತೇನೆ. ಸೊಸೆ ಪಾಪ ದಿನಾ ಬಡ್ಕೊಂಡಳು, ನಾನೇ ಎಕ್ಸರ್‌ಸೈಜ್ ಮಾಡಲಿಲ್ಲ ಎಂದು ಅತ್ತೆ ಹೇಳುತ್ತಾರೆ. ಒಬ್ಬರಿಗಲ್ಲ, ಇಬ್ಬರಿಗಲ್ಲ. ನಮ್ಮತ್ತೆ ಹೇಳಿದ ಮಾತು ಎಲ್ಲಿಯವರೆಗೆ ಹೋಗುತ್ತದೆಂದು ನಿಮಗೆ ಗೊತ್ತೇ ಇದೆ. ತಾನು ಮಹಾ ಸೋಂಬೇರಿ ಎಂದು ನಾಲ್ಕು ತಾಲ್ಲೂಕಿಗೂ ಡಂಗುರ ಹೊಡೆದುಬಿಟ್ಟಿದ್ದಾರೆ. ಗುರುತಿಲ್ಲದ ಹೆಂಗಸರು ನನ್ನ ಕೆನ್ನೆ ಸವರಿ, ನೀನೇ ಏನಮ್ಮ ಆ ಸೊಸೆ ಎಂದು ಲಟಿಕೆ ಮುರಿಯುತ್ತಾರೆ.

ಒಮ್ಮೆ ಬಸ್ ಸ್ಟಾಪಿನಲ್ಲಿ ನಾವಿಬ್ಬರೇ ಇದ್ದಾಗ, ಅತ್ತೆ, ಆ ರೈಟು ಹಾಕಿದ್ದು ಎಂದು ಶುರುಮಾಡಿದೆ.

"ಬಸ್ ಬತ್ತಾ ಐತೆ, ಬುಡು" ಎಂದರು. ರಸ್ತೆಯಲ್ಲಿ ಬಸ್ಸೂ ಇರಲಿಲ್ಲ, ಸೈಕಲ್ಲೂ ಇರಲಿಲ್ಲ.

ಹೋದ ತಿಂಗಳು ಒಂದು ಭಾನುವಾರ ನನಗೆ ಮೈ ಬಿಸಿಯಾಗಿ ಮಧ್ಯಾಹ್ನವೇ ಚಾಪೆ ಹಾಸಿ ಮಲಗಿಬಿಟ್ಟೆ. ಯಜಮಾನರು ಲೋಡು ಹಾಕಿಕೊಂಡು ಹೋಗಿದ್ದರು. ಕಣ್ಣು ಮುಚ್ಚಿದ್ದೆ. ಅತ್ತೆ ಗೋಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತದ್ದು ಗೊತ್ತಾಯಿತು. ಅವರ ಎಡಗೈ ನನ್ನ ಭುಜದ ಹತ್ತಿರವೇ ಇತ್ತು. ಹಣೆ ಮುಟ್ಟಬೇಕಾದರೆ ಅದನ್ನು ಒಂದು ಗೇಣು ಸರಿಸಿದರೆ ಸಾಕಿತ್ತು. ಅವರು ಸರಿಸಲಿಲ್ಲ. ಉಸಿರು ಬಿಗಿಹಿಡಿದದ್ದು ಕೇಳಿಸಿತು, ಬಳೆ ಸದ್ದಾಯಿತು, ನಿಂತಿತು, ಮತ್ತೆ ಸದ್ದಾಯಿತು. ಎಷ್ಟೋ ಹೊತ್ತಾದ ಮೇಲೆ ಅರ್ಧ ಮುಚ್ಚಿದ ಬೆರಳುಗಳ ಗೆಣ್ಣುಗಳು ನನ್ನ ಹಣೆಯ ಮೇಲೆ ಬಂದು ಕೂತವು.

ಲಕ್ವ ಹೊಡೆದಂದಿನಿಂದ ಆ ಕೈ ಎಳೆದರೆ ನೋಯುತ್ತದೆಯೇ ಹೊರತು ಅದಕ್ಕೆ ಬಿಸಿಯೂ ತಿಳಿಯದು, ತಂಪೂ ತಿಳಿಯದು.

"ಜರ ಐತೇನಮ್ಮಿ?" ಎಂದು ಕೇಳಿದರು. "ಈ ಕೈಗೆ ಗೊತ್ತಾಗಾಕಿಲ್ಲ. ನೀನೇ ಯೋಳು."

ಒಸಿ ಐತೆ ಅತ್ತೆ ಎಂದೆ.

ಕೈ ಅಲ್ಲೇ ಇತ್ತು. ಭಾರವಾಗಿತ್ತು. ಅದನ್ನು ಎತ್ತಿ ಅವರ ಮಡಿಲಿಗೆ ಇಡಲು ನಾನು ಹೋಗಲಿಲ್ಲ. ಅವರಿಗೆ ಬೇಕಾದಾಗ, ಅವರಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಹಿಡಿದು, ಅವರೇ ತೆಗೆದುಕೊಳ್ಳಲಿ ಎಂದು ಕಣ್ಣು ಮುಚ್ಚಿ ಮಲಗಿಯೇ ಇದ್ದೆ.